ಓದಿದ್ದು ಒಂದು ದೇಶ, ಮುದ್ರೆ ಇನ್ನೊಂದು ದೇಶದ್ದು: ವಾಸ್ತುಶಿಲ್ಪಿಗಳ ಪ್ರಶ್ನೆಗಳಿಗೆ ಉತ್ತರ

ಒಂದು ದೇಶದಲ್ಲಿ ಪದವಿ ಪಡೆದು ಮತ್ತೊಂದು ದೇಶದಲ್ಲಿ ವೃತ್ತಿ ನಡೆಸಬೇಕೆಂದಿರುವ ವಾಸ್ತುಶಿಲ್ಪಿಗಳು ಬರೆದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ. ಶುಲ್ಕದ ಮೊತ್ತಗಳು ಆಗಾಗ ಬದಲಾಗುತ್ತಿರುವುದರಿಂದ ಅವುಗಳನ್ನು ಎಲ್ಲಿಯೂ ಹೇಳಿಲ್ಲ.

ಪ್ರಶ್ನೆ: ವಾಸ್ತುಶಿಲ್ಪದಲ್ಲಿ ಐದು ವರ್ಷದ ಪದವಿ ಮುಗಿಸಿ, ನನ್ನ ದೇಶದ ಮಂಡಳಿಯಲ್ಲಿ ನೋಂದಣಿ ಪಡೆದು, ಆರು ವರ್ಷ ಕೆಲಸ ಮಾಡಿದ್ದೇನೆ. ಮುಂದಿನ ವರ್ಷ ಅಮೆರಿಕಕ್ಕೆ ಹೋಗಲಿದ್ದೇನೆ. ಅಲ್ಲಿ ಪರವಾನಗಿಗೆ ಎಲ್ಲಿಂದ ಶುರು ಮಾಡಬೇಕು? ಮತ್ತೆ ಕಾಲೇಜಿಗೆ ಸೇರಬೇಕಾಗುತ್ತದೆಯೇ?

ಉತ್ತರ: ಎಷ್ಟೋ ಜನ ತಡವಾಗಿ ತಿಳಿದುಕೊಳ್ಳುವ ಸಂಗತಿಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ವಾಸ್ತುಶಿಲ್ಪಿಗೆ ಪರವಾನಗಿ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯದ ಮಂಡಳಿ. 1897ರಲ್ಲಿ ಇಲಿನಾಯ್ ರಾಜ್ಯ ಇಂಥ ಕಾನೂನನ್ನು ಎಲ್ಲರಿಗಿಂತ ಮೊದಲು ತಂದಿತು. ಈಗ 50 ರಾಜ್ಯಗಳು, ರಾಜಧಾನಿ ವಾಷಿಂಗ್ಟನ್ ಮತ್ತು ನಾಲ್ಕು ದ್ವೀಪ ಪ್ರಾಂತ್ಯಗಳು ಸೇರಿ ಒಟ್ಟು 55 ಮಂಡಳಿಗಳಿವೆ. ಇವೆಲ್ಲವುಗಳ ಒಕ್ಕೂಟವಾಗಿ 1919ರಲ್ಲಿ ಹುಟ್ಟಿದ ಎನ್‌ಕಾರ್ಬ್ ಸಂಸ್ಥೆ ಅಭ್ಯರ್ಥಿಗಳ ಕಡತವನ್ನು ಇಟ್ಟುಕೊಳ್ಳುತ್ತದೆ, ಪರೀಕ್ಷೆ ನಡೆಸುತ್ತದೆ, ಅನುಭವದ ಲೆಕ್ಕ ನೋಡುತ್ತದೆ, ಆದರೆ ಪರವಾನಗಿ ಕೊಡುವ ಅಧಿಕಾರ ಅದಕ್ಕಿಲ್ಲ. ಆದ್ದರಿಂದ ನೀವು ಯಾವ ರಾಜ್ಯದಲ್ಲಿ ನೆಲೆಸುತ್ತೀರಿ ಎಂಬುದು ಖಚಿತವಾದೊಡನೆ ಆ ರಾಜ್ಯದ ಮಂಡಳಿಯ ನಿಯಮಗಳನ್ನು ಓದುವುದೇ ಮೊದಲ ಕೆಲಸ.

ಶಿಕ್ಷಣ, ಅನುಭವ, ಪರೀಕ್ಷೆ ಈ ಮೂರನ್ನು ಎಲ್ಲ ಮಂಡಳಿಗಳೂ ಕೇಳುತ್ತವೆ. ಅನುಭವಕ್ಕೆ ಎಎಕ್ಸ್‌ಪಿ ಎಂಬ ಕಾರ್ಯಕ್ರಮವಿದ್ದು, ಅದರಲ್ಲಿ ಆರು ವಿಭಾಗಗಳಲ್ಲಿ ಒಟ್ಟು 3,740 ಗಂಟೆಗಳ ಕೆಲಸ ದಾಖಲಾಗಬೇಕು. ಪರೀಕ್ಷೆಯ ಹೆಸರು ಎಆರ್‌ಇ, ಅದರಲ್ಲೂ ಆರು ಭಾಗಗಳು. ವಿದೇಶದಲ್ಲಿ ಓದಿದವರ ದಾರಿ ಕವಲೊಡೆಯುವುದು ಶಿಕ್ಷಣದ ವಿಷಯದಲ್ಲಿ. ಸ್ವದೇಶದಲ್ಲಿ ನೋಂದಾಯಿತರಾಗದವರು ತಮ್ಮ ಪದವಿಯನ್ನು ಇಇಎಸ್‌ಎ ಎಂಬ ಮೌಲ್ಯಮಾಪನಕ್ಕೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ನೀವು ಓದಿದ ಒಂದೊಂದು ವಿಷಯವನ್ನೂ ಎನ್‌ಕಾರ್ಬ್‌ನ ಶಿಕ್ಷಣ ಮಾನದಂಡದ ಪಕ್ಕದಲ್ಲಿಟ್ಟು ನೋಡಿ, ಎಲ್ಲಿ ಎಷ್ಟು ಕ್ರೆಡಿಟ್ ಕೊರತೆಯಿದೆ ಎಂದು ವರದಿ ಕೊಡುತ್ತಾರೆ. ಕೊರತೆ ಬಿದ್ದ ವಿಷಯಗಳನ್ನಷ್ಟೇ ಓದಿ ತುಂಬಿಕೊಳ್ಳಬಹುದು, ಇಡೀ ಪದವಿಯನ್ನು ಮತ್ತೆ ಮಾಡಬೇಕಾಗಿಲ್ಲ. ನಿಮ್ಮಂತೆ ಸ್ವದೇಶದಲ್ಲಿ ನೋಂದಣಿ ಉಳ್ಳವರಿಗೆ ಎನ್‌ಕಾರ್ಬ್ ಬೇರೊಂದು ದಾರಿಯನ್ನು ಇಟ್ಟಿದೆ. ಆ ದಾರಿಯಲ್ಲಿ ನೋಂದಣಿಗೆ ಆಧಾರವಾದ ಪದವಿಯನ್ನು ಹಾಗೆಯೇ ಒಪ್ಪಿ, ಎಎಕ್ಸ್‌ಪಿ ಮತ್ತು ಎಆರ್‌ಇ ಎರಡನ್ನೂ ಪೂರೈಸಿದ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. ನೀವು ಕಾಲೇಜಿನ ಬಾಗಿಲು ತಟ್ಟುವ ಮೊದಲು ಈ ಎರಡನೆಯ ದಾರಿಯನ್ನು ಕೂಲಂಕಷವಾಗಿ ನೋಡಿ. ನಿಮ್ಮ ಸ್ವದೇಶದ ನೋಂದಣಿ ಚಾಲ್ತಿಯಲ್ಲಿರುವುದು ಇಲ್ಲಿ ಮುಖ್ಯವಾಗುವುದರಿಂದ, ವಿದೇಶಕ್ಕೆ ಹೊರಟೆನಲ್ಲ, ಇನ್ನೇಕೆ ಎಂದು ನವೀಕರಣ ಬಿಟ್ಟುಬಿಡಬೇಡಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳು ಮಾನ್ಯತೆ ಪಡೆದ ಪದವಿ ಇಲ್ಲದವರ ಅನುಭವವನ್ನೂ ಪರಿಗಣಿಸುತ್ತವೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಎಆರ್‌ಇಯ ಮೇಲೆ ರಾಜ್ಯದ್ದೇ ಇನ್ನೊಂದು ಪರೀಕ್ಷೆಯನ್ನು ಬರೆಯಬೇಕು.

ಹೊರಡುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಮೌಲ್ಯಮಾಪಕರಿಗೆ ಅಂಕಪಟ್ಟಿ ಮಾತ್ರ ಸಾಲದು, ಪ್ರತಿ ವಿಷಯದ ಪಠ್ಯವಿವರವೂ ಬೇಕು. ‘ಕಟ್ಟಡ ನಿರ್ಮಾಣ 3’ ಎಂದು ಅಂಕಪಟ್ಟಿಯಲ್ಲಿ ಒಂದು ಸಾಲಿರುತ್ತದೆ. ಆ ಮೂರನೆಯ ಸೆಮಿಸ್ಟರಿನಲ್ಲಿ ನೀವು ಉಕ್ಕಿನ ಚಾವಣಿಯ ಜೋಡಣೆಗಳನ್ನು ಬರೆದಿದ್ದಿರೋ, ನೆಲಮಾಳಿಗೆಯ ಜಲನಿರೋಧಕ ಪದರಗಳನ್ನು ಬರೆದಿದ್ದಿರೋ ಎಂದು ಸಾವಿರಾರು ಮೈಲಿ ದೂರದಲ್ಲಿ ಕುಳಿತ ಮೌಲ್ಯಮಾಪಕರಿಗೆ ಆ ಒಂದು ಸಾಲಿನಿಂದ ತಿಳಿಯುವುದು ಹೇಗೆ? ನೀವು ಓದಿದ ವರ್ಷದ ಪಠ್ಯಕ್ರಮದ ಪ್ರತಿಯನ್ನು ವಿಶ್ವವಿದ್ಯಾಲಯದಿಂದ ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಿ. ಪಠ್ಯಕ್ರಮ ಬದಲಾದ ಮೇಲೆ ಹಳೆಯದನ್ನು ಹುಡುಕಿಕೊಡುವ ವ್ಯವಧಾನ ಯಾವ ಕಚೇರಿಗೂ ಇರುವುದಿಲ್ಲ. ಅಧಿಕೃತ ಅಂಕಪಟ್ಟಿಯಂತೂ ವಿಶ್ವವಿದ್ಯಾಲಯದಿಂದ ನೇರವಾಗಿ ಮೌಲ್ಯಮಾಪನ ಸಂಸ್ಥೆಗೇ ಹೋಗಬೇಕಾಗುತ್ತದೆ, ನಿಮ್ಮ ಕೈಯಲ್ಲಿರುವ ಮೂಲಪ್ರತಿ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ನಾನು ಲಂಡನ್ನಿನ ಕಚೇರಿಯೊಂದರಲ್ಲಿದ್ದೇನೆ. ಸ್ವದೇಶದಲ್ಲಿ ನೋಂದಾಯಿತ ಆರ್ಕಿಟೆಕ್ಟ್. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಆರ್ಕಿಟೆಕ್ಟ್’ ಎಂದು ಹಾಕಿಸಿಕೊಂಡರೆ ತಪ್ಪೇ?

ಉತ್ತರ: ತಪ್ಪು, ಅದೂ ಕಾನೂನಿನ ಪ್ರಕಾರ ಶಿಕ್ಷಾರ್ಹ. ಬ್ರಿಟನ್ನಿನ 1997ರ ಆರ್ಕಿಟೆಕ್ಟ್ಸ್ ಕಾಯ್ದೆಯ 20ನೆಯ ಕಲಮಿನ ಪ್ರಕಾರ, ಅಲ್ಲಿನ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡಿನ ಪಟ್ಟಿಯಲ್ಲಿ ಹೆಸರಿಲ್ಲದವರು ವೃತ್ತಿಯಲ್ಲಿ ಆ ಪದವನ್ನು ಬಳಸುವಂತಿಲ್ಲ. ವಿಚಿತ್ರವೆನಿಸಬಹುದು, ಅಲ್ಲಿ ಕಾನೂನಿನ ಕಾವಲಿರುವುದು ಹೆಸರಿಗೆ ಮಾತ್ರ, ಕಟ್ಟಡದ ನಕ್ಷೆ ಬರೆಯುವ ಕೆಲಸಕ್ಕಲ್ಲ. ನಕ್ಷೆಯನ್ನು ಯಾರು ಬೇಕಾದರೂ ಬರೆಯಬಹುದು. ಅಮೆರಿಕದ ರಾಜ್ಯಗಳಲ್ಲಿ ಹೆಸರಿನ ಜೊತೆಗೆ ಕೆಲಸಕ್ಕೂ ನಿರ್ಬಂಧವಿರುವುದನ್ನು ಗಮನಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಾರ್ಡು, ಇಮೇಲಿನ ಸಹಿ, ಲಿಂಕ್ಡ್‌ಇನ್ ಪುಟ ಮೂರನ್ನೂ ಇಂದೇ ತಿದ್ದಿಕೊಳ್ಳಿ, ‘ಆರ್ಕಿಟೆಕ್ಚರಲ್ ಅಸಿಸ್ಟೆಂಟ್’ ಎಂಬುದು ಅಲ್ಲಿನ ಕಚೇರಿಗಳಲ್ಲಿ ರೂಢಿಯಲ್ಲಿರುವ ಹೆಸರು. ಹತ್ತು ವರ್ಷ ಹೊತ್ತ ಹೆಸರನ್ನು ಒಂದು ಬೆಳಿಗ್ಗೆ ಕೆಳಗಿಡುವುದು ನೋವಿನ ಸಂಗತಿಯೆಂದು ನನಗೆ ಗೊತ್ತು, ನಾನೂ ಇಟ್ಟಿದ್ದೇನೆ. ಆದರೆ ಅರ್ಜಿ ಹಾಕುವ ಮೊದಲೇ ಅದೇ ಮಂಡಳಿಯ ದೂರಿಗೆ ಗುರಿಯಾಗುವುದು ಅದಕ್ಕಿಂತ ದೊಡ್ಡ ನಷ್ಟ.

ಪ್ರಶ್ನೆ: ಹನ್ನೊಂದು ವರ್ಷಗಳ ಅನುಭವದಲ್ಲಿ ಎರಡು ಆಸ್ಪತ್ರೆಗಳನ್ನೂ ಒಂದು ಶಾಲೆಯನ್ನೂ ಮೊದಲಿನಿಂದ ಕೊನೆಯವರೆಗೆ ನಾನೇ ನೋಡಿಕೊಂಡಿದ್ದೇನೆ. ಈಗ ಕೆನಡಾದಲ್ಲಿದ್ದೇನೆ. ಇಪ್ಪತ್ತೈದರ ಹುಡುಗರ ಜೊತೆ ಮತ್ತೆ ಇಂಟರ್ನ್ ಆಗಬೇಕೇ?

ಉತ್ತರ: ಆಗಲೇಬೇಕೆಂದಿಲ್ಲ. ಕೆನಡಾದಲ್ಲಿ ಸಾಮಾನ್ಯ ದಾರಿ ಹೀಗಿದೆ: ಕೆನೇಡಿಯನ್ ಆರ್ಕಿಟೆಕ್ಚರಲ್ ಸರ್ಟಿಫಿಕೇಷನ್ ಬೋರ್ಡ್ ನಿಮ್ಮ ಪದವಿಯನ್ನು ಪರಿಶೀಲಿಸಿ ಪ್ರಮಾಣೀಕರಿಸುತ್ತದೆ, ಆಮೇಲೆ ನೀವು ಪ್ರಾಂತ್ಯದ ಸಂಸ್ಥೆಯಲ್ಲಿ ಇಂಟರ್ನ್ ಆಗಿ ಸೇರಿ 3,720 ಗಂಟೆಗಳ ಅನುಭವವನ್ನು ದಾಖಲಿಸುತ್ತೀರಿ, ಎಕ್ಸಾಕ್ ಎಂಬ ಪರೀಕ್ಷೆಯಲ್ಲಿ ಉತ್ತೀರ್ಣರಾಗುತ್ತೀರಿ. ನಿಮ್ಮಂಥ ಅನುಭವಿಗಳಿಗಾಗಿ ಇದೇ ಬೋರ್ಡು ‘ಬೆಫಾ’ ಎಂದು ಕರೆಯುವ ಬೇರೊಂದು ಕಾರ್ಯಕ್ರಮವನ್ನು ನಡೆಸುತ್ತದೆ. ವಿದೇಶದಲ್ಲಿ ಪರವಾನಗಿ ಪಡೆದು, ಕನಿಷ್ಠ ಏಳು ವರ್ಷಗಳ ವೃತ್ತಿಯ ಅನುಭವವಿದ್ದು, ಜವಾಬ್ದಾರಿಯ ಸ್ಥಾನದಲ್ಲಿ ಕೆಲಸ ಮಾಡಿದವರಿಗೆ ಇದು. ಮೊದಲು ಕಾಗದಪತ್ರಗಳ ಪರಿಶೀಲನೆ, ಆಮೇಲೆ ನಿಮ್ಮ ಸಾಮರ್ಥ್ಯವನ್ನು ನೀವೇ ಒಂದೊಂದಾಗಿ ಉದಾಹರಣೆ ಸಹಿತ ವಿವರಿಸುವ ಸ್ವಮೌಲ್ಯಮಾಪನ, ಕೊನೆಗೆ ಅನುಭವಿ ವಾಸ್ತುಶಿಲ್ಪಿಗಳ ಮುಂದೆ ಸಂದರ್ಶನ.

ಈ ಸ್ವಮೌಲ್ಯಮಾಪನದಲ್ಲಿ ಹಿರಿಯರೇ ಹೆಚ್ಚಾಗಿ ಎಡವುತ್ತಾರೆ ಎಂಬುದು ನಾನು ಕಂಡ ಸಂಗತಿ. ‘ಆಸ್ಪತ್ರೆಯ ವಿನ್ಯಾಸದ ಸಂಪೂರ್ಣ ಹೊಣೆ ನನ್ನದಾಗಿತ್ತು’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಇದರಿಂದ ಪರೀಕ್ಷಕರಿಗೆ ಏನೂ ದೊರೆಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ಎರಡನೆಯ ಅಂತಸ್ತಿನ ಕಾರಿಡಾರಿನಲ್ಲಿ ಗಾಳಿಯ ಡಕ್ಟು ಬೆಂಕಿತಡೆ ಗೋಡೆಯನ್ನು ಹಾದುಹೋಗುವುದು ನಕ್ಷೆಗಳನ್ನು ಒಂದರ ಮೇಲೊಂದಿಟ್ಟಾಗ ಕಂಡಿತು, ಆ ರಂಧ್ರದಲ್ಲಿ ಬೆಂಕಿ ಬಿದ್ದಾಗ ಡಕ್ಟನ್ನು ಮುಚ್ಚುವ ಫೈರ್ ಡ್ಯಾಂಪರ್ ಕೂರಿಸಲು ಮೆಕ್ಯಾನಿಕಲ್ ಎಂಜಿನಿಯರಿಗೆ ಇಂಥ ದಿನ ಪತ್ರ ಬರೆದೆ, ತಿದ್ದಿದ ನಕ್ಷೆಯನ್ನು ಗುತ್ತಿಗೆದಾರರಿಗೆ ಕೊಟ್ಟೆ, ಅದರಿಂದಾದ ಹೆಚ್ಚುವರಿ ವೆಚ್ಚಕ್ಕೆ ಮಾಲೀಕರ ಒಪ್ಪಿಗೆ ಪಡೆದೆ. ಇಷ್ಟು ಬರೆದರೆ ಸಮನ್ವಯ, ಸಂಹಿತೆಯ ಜ್ಞಾನ, ಒಪ್ಪಂದದ ನಿರ್ವಹಣೆ ಮೂರೂ ಒಂದೇ ಘಟನೆಯಲ್ಲಿ ಅವರ ಕಣ್ಣೆದುರಿಗೆ ಬರುತ್ತವೆ. ಕೆನಡಾದ ಕಟ್ಟಡ ಸಂಹಿತೆ, ಅಲ್ಲಿನ ಚಳಿಗೆ ಬೇಕಾದ ಉಷ್ಣನಿರೋಧಕ ಮತ್ತು ಆವಿತಡೆ ಪದರಗಳ ಜೋಡಣೆ ಇವುಗಳ ಬಗ್ಗೆ ನಿಮ್ಮ ತಿಳಿವಳಿಕೆ ಗಟ್ಟಿಯಾಗಿರಲಿ. ಪ್ರಮಾಣಪತ್ರ ಸಿಕ್ಕ ಮೇಲೂ ಪರವಾನಗಿಗೆ ಪ್ರಾಂತ್ಯದ ಸಂಸ್ಥೆಗೇ ಅರ್ಜಿ ಹಾಕಬೇಕು. ಕ್ವಿಬೆಕ್‌ನಲ್ಲಿ ನೆಲೆಸುವುದಾದರೆ ವೃತ್ತಿಗೆ ತಕ್ಕಷ್ಟು ಫ್ರೆಂಚ್ ಬಲ್ಲಿರೆಂದು ತೋರಿಸುವುದೂ ಕಾನೂನಿನ ಅಗತ್ಯ.

ಪ್ರಶ್ನೆ: ಅನುಭವದ ಗಂಟೆಗಳನ್ನು ಕೆಲಸವೆಲ್ಲ ಮುಗಿದ ಮೇಲೆ ಒಟ್ಟಿಗೆ ತುಂಬಬಹುದಲ್ಲವೇ? ವಾರವಾರವೂ ಬರೆಯುವಷ್ಟು ಪುರಸೊತ್ತು ಇರುವುದಿಲ್ಲ.

ಉತ್ತರ: ಈ ಪತ್ರ ಬಂದುದಕ್ಕೆ ನಾನು ಬರೆದವರಿಗೆ ಕೃತಜ್ಞ, ಏಕೆಂದರೆ ಈ ಒಂದು ವಿಷಯದಲ್ಲಿ ನನ್ನ ಮಾತನ್ನು ಎಲ್ಲರೂ ಕೇಳಬೇಕೆಂಬ ಆಸೆ ನನಗಿದೆ. ಹೊಸ ದೇಶದಲ್ಲಿ ನಾನು ಸೇರಿದ ಮೊದಲ ಕಚೇರಿ ಚಿಕ್ಕದು, ನನಗೆ ಮೇಲ್ವಿಚಾರಕರಾಗಿದ್ದ ವಾಸ್ತುಶಿಲ್ಪಿ ಒಬ್ಬರೇ. ಗಂಟೆಗಳನ್ನು ಆಮೇಲೆ ಒಟ್ಟಿಗೆ ಬರೆದು ಅವರ ಸಹಿ ಹಾಕಿಸಿದರಾಯಿತು ಎಂದುಕೊಂಡು ಹದಿನಾಲ್ಕು ತಿಂಗಳು ಕಳೆದೆ. ಅಷ್ಟರಲ್ಲಿ ಅವರು ಅನಾರೋಗ್ಯದಿಂದ ಕಚೇರಿ ಮುಚ್ಚಿ ಊರು ಬಿಟ್ಟರು. ಹಳೆಯ ಫೋನ್ ಸಂಖ್ಯೆ ನಿಂತುಹೋಗಿತ್ತು, ಬರೆದ ಪತ್ರಗಳು ಹಿಂದಿರುಗಿದವು. ಆ ಹದಿನಾಲ್ಕು ತಿಂಗಳಲ್ಲಿ ನಾನು ಬರೆದ ಮೆಟ್ಟಿಲುಗಳ ಡ್ರಾಯಿಂಗುಗಳು ಒಂದು ಕಟ್ಟಡವಾಗಿ ನಿಂತಿವೆ, ಜನ ಅವುಗಳ ಮೇಲೆ ಹತ್ತಿ ಇಳಿಯುತ್ತಿದ್ದಾರೆ, ನನ್ನ ಕಡತದಲ್ಲಿ ಮಾತ್ರ ಆ ಕಾಲಕ್ಕೆ ಒಂದು ಗಂಟೆಯೂ ದಾಖಲಾಗಲಿಲ್ಲ. ತಪ್ಪು ಅವರದಲ್ಲ, ನನ್ನದೇ.

ಆ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಶುಕ್ರವಾರ ಸಂಜೆ ಕಂಪ್ಯೂಟರ್ ಆರಿಸುವ ಮೊದಲು ಹತ್ತು ನಿಮಿಷ ಕುಳಿತು, ಆ ವಾರ ಯಾವ ಪ್ರಾಜೆಕ್ಟಿನ ಯಾವ ಹಂತದಲ್ಲಿ ಏನು ಮಾಡಿದೆ ಎಂದು ಬರೆಯುತ್ತಿದ್ದೆ: ಸೋಮವಾರ ನಾಲ್ಕು ಗಂಟೆ ಕಿಟಕಿಯ ವಿವರಪಟ್ಟಿ, ಬುಧವಾರ ಎರಡು ಗಂಟೆ ಸೈಟ್ ಮೀಟಿಂಗ್, ಗುರುವಾರ ಮೂರು ಗಂಟೆ ಗುತ್ತಿಗೆದಾರರು ಕಳಿಸಿದ ಶಾಪ್ ಡ್ರಾಯಿಂಗುಗಳ ಪರಿಶೀಲನೆ. ತಿಂಗಳಿಗೊಮ್ಮೆ ಮೇಲ್ವಿಚಾರಕರ ಒಪ್ಪಿಗೆ ಪಡೆಯುತ್ತಿದ್ದೆ. ಹೀಗೆ ಬರೆಯುವುದರಿಂದ ಇನ್ನೊಂದು ಉಪಕಾರವೂ ಆಗುತ್ತದೆ, ನಿಮಗೆ ಯಾವ ಕೆಲಸ ಸಿಗುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಎಎಕ್ಸ್‌ಪಿಯ 3,740 ಗಂಟೆಗಳಲ್ಲಿ 1,520 ನಿರ್ಮಾಣದ ದಾಖಲೆಗಳನ್ನು ಸಿದ್ಧಪಡಿಸುವುದಕ್ಕೆ, 1,080 ಯೋಜನೆ ಮತ್ತು ವಿನ್ಯಾಸಕ್ಕೆ ಮೀಸಲು. ವಿದೇಶದಿಂದ ಬಂದವರನ್ನು ಕಚೇರಿಗಳು ಕಂಪ್ಯೂಟರ್ ಮುಂದೆ ಕೂರಿಸುವುದರಿಂದ ಈ ಎರಡು ಬೇಗ ತುಂಬುತ್ತವೆ. ಕಟ್ಟಡ ಏಳುವಾಗಿನ ಪರಿಶೀಲನೆಗೆ ಬೇಕಾದ 360, ಪ್ರಾಜೆಕ್ಟ್ ನಿರ್ವಹಣೆಯ 360, ಕಚೇರಿ ನಡೆಸುವ ವಿದ್ಯೆಗೆ ಬೇಕಾದ 160 ಗಂಟೆಗಳು ಬಾಕಿ ಉಳಿಯುತ್ತವೆ. ಬಾಯಿಬಿಟ್ಟು ಕೇಳದೆ ಇವು ಸಿಗುವುದಿಲ್ಲ. ‘ಮುಂದಿನ ಸೈಟ್ ಮೀಟಿಂಗಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಟಿಪ್ಪಣಿ ನಾನು ಬರೆಯುತ್ತೇನೆ’ ಎಂದು ಕೇಳಿದರೆ ಬೇಡವೆನ್ನುವ ಹಿರಿಯರು ಕಡಿಮೆ.

ಒಟ್ಟು ಗಂಟೆಗಳಲ್ಲಿ ಸುಮಾರು ಅರ್ಧ, ಅಂದರೆ ಕನಿಷ್ಠ 1,860 ಗಂಟೆ, ಅಮೆರಿಕ ಅಥವಾ ಕೆನಡಾದ ಪರವಾನಗಿಯುಳ್ಳ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಆಗಬೇಕೆಂಬ ನಿಯಮವಿರುವುದರಿಂದ, ಕೆಲಸಕ್ಕೆ ಸೇರುವಾಗಲೇ ‘ನನ್ನ ಗಂಟೆಗಳಿಗೆ ಯಾರು ಸಹಿ ಹಾಕುತ್ತಾರೆ’ ಎಂದು ಕೇಳಿಕೊಳ್ಳಿ. ಸಂಬಳದ ಮಾತಿನಷ್ಟೇ ಮುಖ್ಯವಾದ ಪ್ರಶ್ನೆ ಇದು.

ಪ್ರಶ್ನೆ: ಎಆರ್‌ಇಯಲ್ಲಿ ವಿನ್ಯಾಸದ ಭಾಗಗಳನ್ನು ಸುಲಭವಾಗಿ ದಾಟಿದೆ, ಪ್ರಾಕ್ಟೀಸ್ ಮ್ಯಾನೇಜ್‌ಮೆಂಟ್‌ನಲ್ಲಿ, ಅಂದರೆ ಕಚೇರಿ ನಡೆಸುವ ವಿದ್ಯೆಯ ಭಾಗದಲ್ಲಿ, ಎರಡು ಸಲ ಬಿದ್ದೆ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಇದು ಅವಮಾನವೆನಿಸುತ್ತಿದೆ. ಏನು ಓದಲಿ?

ಉತ್ತರ: ಅವಮಾನಪಡಬೇಡಿ. ನೀವು ಬಿದ್ದದ್ದು ವಾಸ್ತುಶಿಲ್ಪದಲ್ಲಲ್ಲ, ಒಂದು ದೇಶದ ಒಪ್ಪಂದದ ಪದ್ಧತಿಯಲ್ಲಿ. ಗುರುತ್ವಾಕರ್ಷಣೆ ಎಲ್ಲ ದೇಶದಲ್ಲೂ ಒಂದೇ, ಮಾಲೀಕ, ವಾಸ್ತುಶಿಲ್ಪಿ, ಗುತ್ತಿಗೆದಾರ ಈ ಮೂವರ ನಡುವೆ ಹೊಣೆ ಹಂಚಿಕೆಯಾಗುವ ರೀತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಈ ಸಂಬಂಧವನ್ನು ಹೆಚ್ಚಾಗಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್‌ನ ಮಾದರಿ ಒಪ್ಪಂದಗಳು ಕಟ್ಟಿಕೊಡುತ್ತವೆ. ಅವುಗಳಲ್ಲಿ ಮಾಲೀಕ ಮತ್ತು ವಾಸ್ತುಶಿಲ್ಪಿಯ ನಡುವಿನ ಬಿ101, ನಿರ್ಮಾಣದ ಸಾಮಾನ್ಯ ಷರತ್ತುಗಳಿರುವ ಎ201, ವಾಸ್ತುಶಿಲ್ಪಿ ಮತ್ತು ಸಲಹೆಗಾರರ ನಡುವಿನ ಸಿ401 ಈ ಮೂರನ್ನು ಕಥೆ ಓದುವಂತೆ ಪೂರ್ತಿಯಾಗಿ, ಒಂದಕ್ಕಿಂತ ಹೆಚ್ಚು ಸಲ ಓದಿ. ಸಿದ್ಧ ಟಿಪ್ಪಣಿಗಳನ್ನು ನೆಚ್ಚಿದರೆ ಷರತ್ತುಗಳ ಒಳಸಂಬಂಧ ಹಿಡಿಯುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನೀವು ಸೈಟಿಗೆ ಹೋದಾಗ ಕಾಂಕ್ರೀಟಿನ ಸೆಂಟ್ರಿಂಗ್ ಕಂಬಗಳನ್ನು ಗುತ್ತಿಗೆದಾರರು ನಿಮಗೆ ಸರಿಕಾಣದ ಕ್ರಮದಲ್ಲಿ ಬಿಚ್ಚುತ್ತಿದ್ದಾರೆ ಎಂದುಕೊಳ್ಳಿ. ವಾಸ್ತುಶಿಲ್ಪಿಯ ಮಾತೇ ಸೈಟಿನಲ್ಲಿ ಕೊನೆಯ ಮಾತಾಗಿರುವ ಕಡೆ ಬೆಳೆದವರು ಕೂಡಲೇ ‘ಹೀಗಲ್ಲ, ಹಾಗೆ ಬಿಚ್ಚಿ’ ಎಂದು ಮೇಸ್ತ್ರಿಗೆ ಹೇಳಿಬಿಡುತ್ತಾರೆ. ಎ201ರ ಪ್ರಕಾರ ನಿರ್ಮಾಣದ ವಿಧಾನ, ತಂತ್ರ, ಅನುಕ್ರಮ ಮತ್ತು ಸೈಟಿನ ಸುರಕ್ಷತೆ ಗುತ್ತಿಗೆದಾರರ ಹೊಣೆ. ಹೇಗೆ ಬಿಚ್ಚಬೇಕೆಂದು ನೀವು ಆದೇಶಿಸಿದರೆ ಅವರ ಹೊಣೆಯನ್ನು ನೀವು ನಿಮ್ಮ ತಲೆಗೆ ಎಳೆದುಕೊಂಡಂತೆ. ಪ್ರಾಣಕ್ಕೆ ಅಪಾಯ ಕಂಡರೆ ಸುಮ್ಮನಿರಬೇಕೆಂದು ಇದರ ಅರ್ಥವಲ್ಲ: ಅಪಾಯವಿದೆಯೆಂದು ಗುತ್ತಿಗೆದಾರರಿಗೂ ಮಾಲೀಕರಿಗೂ ಕೂಡಲೇ ತಿಳಿಸಿ, ತಿಳಿಸಿದ್ದನ್ನು ಬರೆದಿಡಬೇಕು. ಪರಿಹಾರದ ವಿಧಾನವನ್ನು ಆರಿಸುವುದು ಅವರ ಕೆಲಸ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳೂ ಸರಿಯೆಂದು ಕಾಣುವ ಪ್ರಶ್ನೆ ಬಂದಾಗ, ‘ನಾನಾಗಿದ್ದರೆ ಏನು ಮಾಡುತ್ತಿದ್ದೆ’ ಎಂಬುದನ್ನು ಬದಿಗಿಟ್ಟು ‘ಒಪ್ಪಂದದಲ್ಲಿ ಇದು ಯಾರ ಹೊಣೆ’ ಎಂದು ಕೇಳಿಕೊಳ್ಳಿ.

ಉಳಿದ ಭಾಗಗಳಲ್ಲಿ ಉತ್ತೀರ್ಣರಾದದ್ದು ಕೈಬಿಟ್ಟುಹೋಗುತ್ತದೆಂಬ ಆತಂಕ ಬೇಡ. ಐದು ವರ್ಷದೊಳಗೆ ಎಲ್ಲ ಭಾಗಗಳನ್ನೂ ಮುಗಿಸಬೇಕೆಂದಿದ್ದ ಹಳೆಯ ನಿಯಮವನ್ನು ಎನ್‌ಕಾರ್ಬ್ 2023ರಲ್ಲಿ ತೆಗೆದುಹಾಕಿತು. ಈಗ ಪಾಸಾದ ಭಾಗದ ಸಿಂಧುತ್ವ ಪರೀಕ್ಷೆಯ ಆವೃತ್ತಿಯನ್ನು ಅವಲಂಬಿಸಿದೆ, ಮುಂದಿನ ಆವೃತ್ತಿಯಲ್ಲೂ ಅದು ನಡೆಯುತ್ತದೆ. ಆದರೂ ನಿಮ್ಮ ರಾಜ್ಯದ ಮಂಡಳಿ ಇದನ್ನು ಒಪ್ಪಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಒಂದು ದೇಶದಲ್ಲಿ ಪರವಾನಗಿ ಸುಲಭವಾಗಿ ಪಡೆದು, ದೇಶಗಳ ನಡುವಿನ ಒಪ್ಪಂದ ಬಳಸಿ ಮತ್ತೊಂದಕ್ಕೆ ದಾಟುವುದು ಜಾಣತನವಲ್ಲವೇ? ಆಸ್ಟ್ರೇಲಿಯಾದ ಮೂಲಕ ಅಮೆರಿಕಕ್ಕೆ ಹೋಗಬಹುದೆಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ದಾರಿ ಇದೆ, ಆದರೆ ಸ್ನೇಹಿತರು ಹೇಳಿದಷ್ಟು ನೇರವಾಗಿಲ್ಲ. ಅಮೆರಿಕದ ಎನ್‌ಕಾರ್ಬ್ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಸಂಸ್ಥೆಗಳೊಡನೆ ಪರಸ್ಪರ ಮಾನ್ಯತೆಯ ಒಪ್ಪಂದ ಮಾಡಿಕೊಂಡಿದೆ, 2023ರಲ್ಲಿ ಬ್ರಿಟನ್ನಿನೊಡನೆಯೂ ಮಾಡಿಕೊಂಡಿತು. ಇವೆಲ್ಲ ಮೂಲತಃ ಆಯಾ ದೇಶದ ಸ್ವಂತ ಶಿಕ್ಷಣ, ತರಬೇತಿ ಮತ್ತು ಪರೀಕ್ಷೆಯ ಮೂಲಕ ಬಂದವರಿಗಾಗಿ ಮಾಡಿದ ಒಪ್ಪಂದಗಳು. ಆದ್ದರಿಂದ ಅಡ್ಡದಾರಿಯಲ್ಲಿ ಬಂದ ನೋಂದಣಿಯನ್ನು ಹೊರಗಿಡುವ ಷರತ್ತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಕ್ಯಾನ್‌ಬೆರಾ ಅಕಾರ್ಡ್ ಎಂದು 2008ರಲ್ಲಿ ಆದ ಒಪ್ಪಂದವನ್ನೂ ಹಲವರು ಪರವಾನಗಿಯ ಒಪ್ಪಂದವೆಂದೇ ತಿಳಿಯುತ್ತಾರೆ, ಅದು ಪದವಿ ಕೋರ್ಸುಗಳ ಸಮಾನತೆಗೆ ಮಾತ್ರ ಸಂಬಂಧಿಸಿದ್ದು.

ಆಸ್ಟ್ರೇಲಿಯಾಕ್ಕೇ ಹೋಗುವ ಮನಸ್ಸಿದ್ದರೆ ಅಲ್ಲಿನ ಕ್ರಮ ಅಚ್ಚುಕಟ್ಟಾಗಿದೆ. ವಿದೇಶಿ ಪದವಿಯ ಮೌಲ್ಯಮಾಪನ ಆದ ಮೇಲೆ 3,300 ಗಂಟೆಗಳ ಅನುಭವವನ್ನು ದಾಖಲಿಸಿ, ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಮುಗಿಸಿ, ನೀವಿರುವ ರಾಜ್ಯದ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದು. ಅಲ್ಲೇ ನೆಲೆಸುವವರಿಗೆ ಒಳ್ಳೆಯ ದಾರಿ, ಬೇರೆಡೆಗೆ ದಾಟುವ ಸೇತುವೆಯಾಗಿ ಮಾತ್ರ ಬಳಸುವವರಿಗೆ ಮೂರು ನಾಲ್ಕು ವರ್ಷಗಳ ಬಳಸುದಾರಿ.

ಯೂರೋಪಿನಲ್ಲಿ ಪರಿಸ್ಥಿತಿ ಬೇರೆ. 2005ರ ಐರೋಪ್ಯ ಒಕ್ಕೂಟದ ನಿರ್ದೇಶನ ವೈದ್ಯರು, ದಾದಿಯರಂತೆ ವಾಸ್ತುಶಿಲ್ಪಿಗಳಿಗೂ ಸದಸ್ಯ ದೇಶಗಳ ನಡುವೆ ತಂತಾನೆ ಮಾನ್ಯತೆ ಸಿಗುವಂತೆ ಮಾಡಿದೆ, ಆದರೆ ಆ ಸೌಲಭ್ಯ ಅಲ್ಲಿನ ಪದವಿಗಳಿಗೆ. ಹೊರಗಿನ ಪದವಿಯುಳ್ಳವರು ಒಂದು ಸದಸ್ಯ ದೇಶದಲ್ಲಿ ಮಾನ್ಯತೆ ಪಡೆದು, ಅದೇ ದೇಶದಲ್ಲಿ ಮೂರು ವರ್ಷ ವೃತ್ತಿ ನಡೆಸಿದುದಕ್ಕೆ ಪ್ರಮಾಣಪತ್ರ ಪಡೆದರೆ, ಅನಂತರ ಮತ್ತೊಂದು ಸದಸ್ಯ ದೇಶದಲ್ಲಿ ಅರ್ಜಿ ಹಾಕುವಾಗ ಅವರ ವಿದೇಶಿ ಪದವಿಯನ್ನೂ ಔಪಚಾರಿಕ ಅರ್ಹತೆಯ ಪುರಾವೆಯಾಗಿ ಪರಿಗಣಿಸಲಾಗುತ್ತದೆ. ಆದ್ದರಿಂದ ಯೂರೋಪಿಗೆ ಹೋಗುವವರು ಮೊದಲ ದೇಶವನ್ನು ಅಲ್ಲಿನ ಭಾಷೆ ತಮಗೆ ಬರುತ್ತದೆಯೇ, ಮೂರು ವರ್ಷ ಬಿಡುವಿಲ್ಲದೆ ಕೆಲಸ ಸಿಗುತ್ತದೆಯೇ ಎಂಬ ಎರಡನ್ನು ನೋಡಿ ಆರಿಸಿಕೊಳ್ಳಲಿ. ಯಾವ ದೇಶವಾದರೂ ಸರಿ, ನಿಮ್ಮ ಪದವಿಯ ಹೆಸರು, ಓದಿದ ವರ್ಷಗಳು, ಈಗಿನ ನೋಂದಣಿಯ ಸ್ಥಿತಿ ಈ ಮೂರನ್ನು ಬರೆದು ಅಲ್ಲಿನ ನೋಂದಣಿ ಮಂಡಳಿಗೆ ನೇರವಾಗಿ ಇಮೇಲ್ ಕಳುಹಿಸಿ, ಬಂದ ಉತ್ತರವನ್ನು ಕಡತದ ಮೊದಲ ಹಾಳೆಯಾಗಿ ಇಟ್ಟುಕೊಳ್ಳಿ.